ಹರಾಜಿಗೆ ಮೊದಲು ಒಂದು ಹಿಂಬರಹ ಕೊಡಿ

ಮನೆಸಾಲ ನೀಡುವ ಬ್ಯಾಂಕುಗಳ, ಸಹಕಾರಿ ಬ್ಯಾಂಕುಗಳ ಹಾಗೂ ವಸತಿ ಹಣಕಾಸು ಸಂಸ್ಥೆಗಳ ಶಾಖಾ ವ್ಯವಸ್ಥಾಪಕರಿಗೆ ಮತ್ತು ವಸೂಲಾತಿ ವಿಭಾಗದ ಅಧಿಕಾರಿಗಳಿಗೆ



ಕಂತು ತಪ್ಪಿದ ಮನೆಸಾಲದ ಕಡತಗಳು ದಿನವೂ ನಿಮ್ಮ ಮೇಜಿಗೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಕಡತಗಳಲ್ಲಿ ನೋಟಿಸಿನ ಪ್ರತಿಯ ಜೊತೆಗೆ ಸಾಲಗಾರರು ಬರೆದುಕೊಟ್ಟ ಒಂದು ಅರ್ಜಿಯೂ ಇರುತ್ತದೆ. ಕೆಲಸ ಹೋಗಿದೆ, ಅಥವಾ ವ್ಯಾಪಾರ ಬಿದ್ದಿದೆ, ಅಥವಾ ಮನೆಯಲ್ಲಿ ದೊಡ್ಡ ಕಾಯಿಲೆ ಬಂದಿದೆ. ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಲು ಬಿಡಿ ಎಂಬುದು ಅದರ ಸಾರಾಂಶ. ಆ ಅರ್ಜಿಗೆ ಸಿಗುವ ಉತ್ತರ ಬಹಳ ಸಲ ಬಾಯಿಮಾತಿನದು. ಮೇಲಿನವರು ಒಪ್ಪಲಿಲ್ಲ, ನಮ್ಮಲ್ಲಿ ಅಂಥ ಸ್ಕೀಮ್ ಇಲ್ಲ, ಮೊದಲು ಪೂರ್ತಿ ಬಾಕಿ ಕಟ್ಟಿ ಆಮೇಲೆ ನೋಡೋಣ. ಲಿಖಿತವಾಗಿ ಬರುವ ಮುಂದಿನ ಕಾಗದವೆಂದರೆ ಮನೆ ಬಾಗಿಲಿಗೆ ಅಂಟಿಸುವ ಸ್ವಾಧೀನದ ನೋಟಿಸು. ಈ ಪತ್ರ ಬರೆಯುತ್ತಿರುವುದು ಸಾಲ ಮನ್ನಾ ಕೇಳಲು ಅಲ್ಲ, ಬಡ್ಡಿ ಬಿಟ್ಟುಬಿಡಿ ಎನ್ನಲೂ ಅಲ್ಲ. ಹರಾಜಿನ ಪ್ರಕಟಣೆ ಹೊರಡುವ ಮೊದಲು ಆ ಅರ್ಜಿಯನ್ನು ಲೆಕ್ಕ ಹಾಕಿ ಪರಿಶೀಲಿಸಿ, ಒಪ್ಪದಿದ್ದರೆ ಕಾರಣ ಮತ್ತು ಲೆಕ್ಕದ ಸಮೇತ ಹಿಂಬರಹ ಕೊಡಿ, ಅಲ್ಲಿಯವರೆಗೆ ಹರಾಜನ್ನು ತಡೆಹಿಡಿಯಿರಿ. ನನ್ನ ಬೇಡಿಕೆ ಇಷ್ಟೇ. ಇದು ಏಕೆ ನ್ಯಾಯ, ಏಕೆ ನಿಮ್ಮ ಸಂಸ್ಥೆಗೂ ಹಿತ ಎಂಬುದನ್ನು ವಿವರಿಸುತ್ತೇನೆ.

ಮೊದಲು ಕಾನೂನು ಕೊಡುವ ಕಾಲವನ್ನು ನೋಡೋಣ. ಕಂತು ಬಾಕಿಯಾಗಿ 90 ದಿನ ದಾಟಿದರೆ ಖಾತೆ ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ. ಅದಾದ ಮೇಲೆ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ಪ್ರಕಾರ ನೀವು ಕೊಡುವ ನೋಟಿಸಿಗೆ 60 ದಿನಗಳ ಗಡುವು. ಆ ಗಡುವಿನೊಳಗೆ ಕಟ್ಟಬೇಕಾದದ್ದು ತಪ್ಪಿದ ಮೂರು ಕಂತಲ್ಲ, ಇಡೀ ಸಾಲ. ತಿಂಗಳಿಗೆ 25 ಸಾವಿರ ಹೊಂದಿಸಲಾಗದವರು ಎರಡು ತಿಂಗಳಲ್ಲಿ 25 ಲಕ್ಷ ಹೊಂದಿಸುವುದು ಸಾಧ್ಯವೇ ಎಂದು ಕಾಯ್ದೆ ಕೇಳುವುದಿಲ್ಲ. ಕಟ್ಟದಿದ್ದರೆ 13(4)ರ ಪ್ರಕಾರ ಸ್ವಾಧೀನ, ಪತ್ರಿಕೆಗಳಲ್ಲಿ ಪ್ರಕಟಣೆ, ಬಳಿಕ 30 ದಿನಗಳ ಮಾರಾಟದ ನೋಟಿಸು, ಹರಾಜು. ಇಷ್ಟಕ್ಕೂ ನ್ಯಾಯಾಲಯದ ತೀರ್ಪು ಬೇಕಿಲ್ಲ. ಸಿವಿಲ್ ನ್ಯಾಯಾಲಯದ ಬಾಗಿಲನ್ನು 34ನೇ ಕಲಮು ಮುಚ್ಚಿದೆ. ಸಾಲ ಕೊಟ್ಟವರೇ ಬಾಕಿಯನ್ನು ಲೆಕ್ಕ ಹಾಕಿ, ತಾವೇ ನಿರ್ಧರಿಸಿ, ತಾವೇ ಮಾರುವ ಅಧಿಕಾರವನ್ನು ಸಂಸತ್ತು ನಿಮಗೆ ಕೊಟ್ಟಿದೆ. ಎದುರಿನವರ ಮಾತು ಕೇಳಿ ತೀರ್ಮಾನಿಸುವ ಮೂರನೆಯವರು ನಡುವೆ ಇಲ್ಲದಿರುವಾಗ, ಆ ಹೊಣೆ ಅಧಿಕಾರ ಇರುವವರ ಮೇಲೆಯೇ ಬೀಳುತ್ತದೆ.

ಸುಪ್ರೀಂ ಕೋರ್ಟು ಇದನ್ನು ಬಹಳ ಹಿಂದೆಯೇ ಗುರುತಿಸಿತು. 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ ಕಾಯ್ದೆಯನ್ನು ಎತ್ತಿಹಿಡಿದರೂ, ಸಾಲಗಾರರ ಆಕ್ಷೇಪಣೆಯನ್ನು ಬ್ಯಾಂಕು ಮನಸ್ಸಿಟ್ಟು ಪರಿಶೀಲಿಸಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು ಎಂದು ಹೇಳಿತು. ಅದರ ಫಲವೇ 13(3ಎ) ಕಲಮು. ಈಗ ನೀವು 15 ದಿನಗಳೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. ಹಾಗಿದ್ದರೆ ಈ ಪತ್ರ ಏಕೆ ಎಂದು ನೀವು ಕೇಳಬಹುದು. ಏಕೆಂದರೆ ಆ ಕಲಮಿನ ಉತ್ತರ ಬಹುಪಾಲು ಅಚ್ಚುಹಾಕಿದ ನಮೂನೆಯಂತಿರುತ್ತದೆ: ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿಲ್ಲ, ಪೂರ್ಣ ಬಾಕಿ ಪಾವತಿಸಿ. ಕಂತು ಇಳಿಸಿಕೊಡಿ ಎಂಬ ಕೋರಿಕೆಯನ್ನು ಆಕ್ಷೇಪಣೆ ಎಂದು ಎಣಿಸದೆ ಪಕ್ಕಕ್ಕಿಡುವುದೂ ಉಂಟು. ಮೇಲಾಗಿ, ಆ ಉತ್ತರ ಎಷ್ಟೇ ಸಡಿಲವಾಗಿದ್ದರೂ ಆ ಹಂತದಲ್ಲಿ ಅದನ್ನೇ ಹಿಡಿದು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಹಕ್ಕಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಸ್ವಾಧೀನದ ಕ್ರಮ ಶುರುವಾದ ಮೇಲೆ 45 ದಿನಗಳೊಳಗೆ ಹೋಗಬಹುದು. ಆದರೆ ಕರ್ನಾಟಕಕ್ಕೆ ಆ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ, ಮೇಲ್ಮನವಿಯ ಮಂಡಳಿ ಚೆನ್ನೈಯಲ್ಲಿ. ಮೇಲ್ಮನವಿಗೆ ಬಾಕಿಯ ಅರ್ಧದಷ್ಟು, ಮಂಡಳಿ ಮನಸ್ಸು ಮಾಡಿದರೆ ಕಾಲು ಭಾಗದಷ್ಟು ಠೇವಣಿ ಇಡಬೇಕು. ಕಂತಿಗೇ ಹಣವಿಲ್ಲದ ಬೀದರಿನ ಕುಟುಂಬಕ್ಕೆ ಇದು ಹೆಸರಿಗಷ್ಟೇ ಇರುವ ದಾರಿ. ಇನ್ನು ರಿಸರ್ವ್ ಬ್ಯಾಂಕಿನ 2021ರ ಒಂಬುಡ್ಸ್‌ಮನ್ ಯೋಜನೆಯೂ ಸಂಸ್ಥೆಗಳ ವಾಣಿಜ್ಯ ನಿರ್ಧಾರಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹೀಗೆ, ಕಂತು ಇಳಿಸಿಕೊಡುವುದಿಲ್ಲ ಎಂಬ ನಿಮ್ಮ ನಿರ್ಧಾರವನ್ನು ಹೊರಗಿನವರು ಯಾರೂ ತೂಗಿ ನೋಡುವುದಿಲ್ಲ. ಹೊಸ ಸಾಲದ ಅರ್ಜಿಯನ್ನು ತಿರಸ್ಕರಿಸಿದಾಗ ಮುಖ್ಯ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ವ್ಯವಹಾರ ಸಂಹಿತೆ ನಿಮಗೆ ಹೇಳುತ್ತದೆ. ಇನ್ನೂ ಸಾಲವನ್ನೇ ಪಡೆಯದವರಿಗೆ ಸಲ್ಲುವ ಮರ್ಯಾದೆ, ಹತ್ತು ವರ್ಷ ಕಂತು ಕಟ್ಟಿ ಈಗ ಮನೆ ಕಳೆದುಕೊಳ್ಳುತ್ತಿರುವವರಿಗೆ ಸಲ್ಲಬಾರದೇ?

ಉತ್ತರ ತಡವಾದರೆ ಏನು ಮಹಾ ನಷ್ಟ ಎನ್ನುವಂತಿಲ್ಲ. ಹಿಂದೆ ಹರಾಜು ನಡೆಯುವ ದಿನದವರೆಗೂ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಲು ಅವಕಾಶವಿತ್ತು. 2016ರ ತಿದ್ದುಪಡಿ ಆ ಗಡುವನ್ನು ಹರಾಜಿನ ಪ್ರಕಟಣೆಯ ದಿನಕ್ಕೆ ಹಿಂದಕ್ಕೆ ತಂದಿತು. 2023ರಲ್ಲಿ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಕಟಣೆ ಹೊರಬಿದ್ದ ಕ್ಷಣಕ್ಕೆ ಸಾಲಗಾರರ ವಿಮೋಚನೆಯ ಹಕ್ಕು ಮುಗಿಯಿತೆಂದು ಸ್ಪಷ್ಟಪಡಿಸಿತು. ಆದ್ದರಿಂದ ಅರ್ಜಿ ಒಂದು ವಿಭಾಗದ ಮೇಜಿನಲ್ಲಿ ಬಿದ್ದಿರುವಾಗಲೇ ಇನ್ನೊಂದು ವಿಭಾಗ ಇ-ಹರಾಜಿನ ಪ್ರಕಟಣೆ ಕೊಟ್ಟರೆ, ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು. ಬ್ಯಾಂಕು ಒಪ್ಪಬಹುದೆಂದು ಕಾಯುತ್ತ, ಊರಿನ ಜಮೀನು ಮಾರಲೋ ನೆಂಟರಲ್ಲಿ ಕೈಗಡ ತರಲೋ ಹೋಗದೆ ಕುಳಿತವರ ಹಕ್ಕು ಆ ಕಾಯುವಿಕೆಯಲ್ಲೇ ಕರಗಿಹೋಗುತ್ತದೆ. ಬೇಡ ಎನ್ನುವುದಾದರೆ ಬೇಗ ಬೇಡ ಎನ್ನಿ, ಬರೆದು ಬೇಡ ಎನ್ನಿ. ಸಾಲಗಾರರಿಗೆ ಬೇರೆ ದಾರಿ ಹುಡುಕುವ ಸಮಯವಾದರೂ ಉಳಿಯುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಮೇಲಧಿಕಾರಿಗಳು ಕೇಳುವುದು ಅದನ್ನೇ. ಬಾಕಿ ಅಸಲು 25 ಲಕ್ಷ, ಉಳಿದ ಅವಧಿ 12 ವರ್ಷ, ಬಡ್ಡಿ ಶೇ 9 ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 28,450 ರೂಪಾಯಿ. ಅದೇ ಸಾಲದ ಅವಧಿಯನ್ನು 20 ವರ್ಷಕ್ಕೆ ಹಿಗ್ಗಿಸಿದರೆ ಕಂತು ಸುಮಾರು 22,500ಕ್ಕೆ ಇಳಿಯುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಆರು ಸಾವಿರ ರೂಪಾಯಿ ಉಳಿತಾಯ. ಗಂಡಹೆಂಡಿರಲ್ಲಿ ಒಬ್ಬರ ಸಂಬಳ ನಿಂತ ಮನೆಯಲ್ಲಿ, ಕಂತು ಕಟ್ಟಲಾಗುವುದಕ್ಕೂ ಆಗದಿರುವುದಕ್ಕೂ ನಡುವಿನ ಅಂತರ ಆ ಆರು ಸಾವಿರವೇ ಆಗಿರಬಹುದು. ಇದರಲ್ಲಿ ಬ್ಯಾಂಕು ಒಂದು ಪೈಸೆ ಬಿಟ್ಟುಕೊಟ್ಟಿಲ್ಲ. ಪೂರ್ತಿ ಅವಧಿ ಮುಗಿಯುವ ಹೊತ್ತಿಗೆ ಸಾಲಗಾರರು ಸುಮಾರು 13 ಲಕ್ಷ ರೂಪಾಯಿ ಹೆಚ್ಚುವರಿ ಬಡ್ಡಿ ಕಟ್ಟಿರುತ್ತಾರೆ. ಅವಧಿ ಹೆಚ್ಚಳವನ್ನು ದಯೆಯ ಕೆಲಸವೆಂದು ಭಾವಿಸುವವರು ಈ ಅಂಕಿಯನ್ನು ಗಮನಿಸಬೇಕು. ಸಾಲಗಾರರು ಅದರ ಬೆಲೆ ಕೊಟ್ಟೇ ಮನೆ ಉಳಿಸಿಕೊಳ್ಳುತ್ತಾರೆ.

ಅವಧಿ ಹಿಗ್ಗಿಸುವುದು ನಿಮಗೆ ಹೊಸದೂ ಅಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. 30 ಲಕ್ಷ ಬಾಕಿ, 20 ವರ್ಷ ಉಳಿದಿರುವ ಸಾಲದ ಬಡ್ಡಿ ಶೇ 7ರಿಂದ ಶೇ 9.5ಕ್ಕೆ ಏರಿದರೆ, ಸುಮಾರು 23,260 ರೂಪಾಯಿ ಇದ್ದ ಕಂತು ಸುಮಾರು 27,960 ಆಗಬೇಕು. ಹಳೆಯ ಕಂತನ್ನೇ ಮುಂದುವರಿಸಿದರೆ ಅದು ಹೊಸ ದರದ ಒಂದು ತಿಂಗಳ ಬಡ್ಡಿಗೂ ಸಾಲದು, ಆ ಬಡ್ಡಿಯೇ 23,750 ರೂಪಾಯಿ. ಆ ಹೊತ್ತಿನಲ್ಲಿ ಎಷ್ಟೋ ಸಂಸ್ಥೆಗಳು ಸಾಲಗಾರರನ್ನು ಒಂದು ಮಾತೂ ಕೇಳದೆ ಅವಧಿಯನ್ನು ಹಿಗ್ಗಿಸಿದವು. ದೂರುಗಳು ಬಂದದ್ದರಿಂದಲೇ ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ, ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಬಿಡಿ ಎಂದು ಸೂಚಿಸಿತು. ಬಡ್ಡಿ ದರ ಏರಿದ ಕಾರಣಕ್ಕೆ ಕೇಳದೆಯೇ ಆಗುವ ಅವಧಿ ಹೆಚ್ಚಳ, ಸಾಲಗಾರರ ಕೆಲಸ ಹೋದ ಕಾರಣಕ್ಕೆ ಬೇಡಿಕೊಂಡಾಗ ಏಕೆ ಅಸಾಧ್ಯವಾಗುತ್ತದೆ ಎಂಬುದಕ್ಕೆ ಲಿಖಿತ ವಿವರಣೆ ಬೇಕೇ ಬೇಕು.

ನಿಮ್ಮ ಕಡೆಯ ಆಕ್ಷೇಪಗಳಲ್ಲಿ ಮೊದಲನೆಯದು ಮತ್ತು ಅತಿ ಗೌರವದ್ದು ಠೇವಣಿದಾರರ ಹಣದ್ದು. ನಿವೃತ್ತರು, ವಿಧವೆಯರು, ಸಣ್ಣ ವ್ಯಾಪಾರಿಗಳು ನಂಬಿ ಇಟ್ಟ ಹಣವನ್ನು ಕಾಯಬೇಕಾದವರು ನೀವು. ಇದನ್ನು ಪೂರ್ಣ ಒಪ್ಪುತ್ತೇನೆ. ಆದರೆ ಹರಾಜು ಯಾರ ಹಣವನ್ನು ಕಾಯುತ್ತದೆ ಎಂದು ಬಿಡಿಸಿ ನೋಡಿ. ಮನೆಯ ಬೆಲೆಯಲ್ಲಿ 30 ಲಕ್ಷದವರೆಗಿನ ಸಾಲಕ್ಕೆ ಹೆಚ್ಚೆಂದರೆ ಶೇ 90, ಅದರ ಮೇಲಿನದಕ್ಕೆ ಶೇ 80 ಅಥವಾ 75ರಷ್ಟು ಮಾತ್ರ ನೀವು ಕೊಡಬಹುದು. ಉಳಿದದ್ದು ಕುಟುಂಬದ ಸ್ವಂತ ದುಡ್ಡು, ಜೊತೆಗೆ ವರ್ಷವರ್ಷ ತೀರಿಸಿದ ಅಸಲು. ಪೇಟೆಯಲ್ಲಿ 40 ಲಕ್ಷಕ್ಕೆ ಹೋಗುವ ಮನೆಯ ಮೇಲೆ 25 ಲಕ್ಷ ಬಾಕಿ ಇದ್ದು, ಅದು ಹರಾಜಿನಲ್ಲಿ 30 ಲಕ್ಷಕ್ಕೆ ಹೋದರೆ ಠೇವಣಿದಾರರಿಗೆ ನಯಾಪೈಸೆ ನಷ್ಟವಿಲ್ಲ. ಆ ಹತ್ತು ಲಕ್ಷದ ನಷ್ಟ ಪೂರ್ತಿಯಾಗಿ ಕುಟುಂಬದ್ದು. ಅಂಥ ಕಡತದಲ್ಲಿ ಬ್ಯಾಂಕಿಗೆ ಅವಸರದಿಂದ ಲಾಭವೂ ಇಲ್ಲ, ತಾಳ್ಮೆಯಿಂದ ಅಪಾಯವೂ ಇಲ್ಲ. ಕೊನೆಯ ಪಕ್ಷ ಮನೆಯವರೇ ಒಳ್ಳೆಯ ಬೆಲೆಗೆ ಮಾರಿ ಸಾಲ ತೀರಿಸಲು ಬಿಡುವುದರಲ್ಲಿ ಯಾವ ಅಡ್ಡಿಯಿದೆ? ಇನ್ನು ಮನೆಯ ಬೆಲೆ ಬಾಕಿಗಿಂತ ಕಡಿಮೆಯಿದ್ದರೆ ಹರಾಜು ನಿಮಗೇ ನಷ್ಟದ ಬಾಬತ್ತು. ಜನ ವಾಸವಿರುವ, ವ್ಯಾಜ್ಯದ ಭಯವಿರುವ, ಇದ್ದದ್ದು ಇದ್ದಂತೆ ಎಂಬ ಷರತ್ತಿನಲ್ಲಿ ಮಾರುವ ಆಸ್ತಿಗೆ ಕೂಗುವವರು ಕಡಿಮೆ. ಮೊದಲ ಹರಾಜು ವಿಫಲವಾದರೆ ಮೀಸಲು ಬೆಲೆ ಇಳಿಸಿ ಮತ್ತೆ ಕರೆಯಬೇಕು. ಎರಡು ಸಂದರ್ಭಗಳಲ್ಲೂ ಠೇವಣಿದಾರರ ಹೆಸರು ಹೇಳಿ ಅರ್ಜಿಯನ್ನು ಓದದೆ ಬದಿಗಿಡಲು ಆಧಾರವಿಲ್ಲ.

ಎರಡನೆಯದು ರಿಸರ್ವ್ ಬ್ಯಾಂಕಿನ ನಿಯಮ. ಇದನ್ನು ಹೊರಗಿನವರು ಸಾಮಾನ್ಯವಾಗಿ ಅರಿಯರು, ಆದ್ದರಿಂದ ನಿಮ್ಮ ಪರವಾಗಿಯೇ ಹೇಳುತ್ತೇನೆ. 2019ರ ಜೂನ್ 7ರ ಚೌಕಟ್ಟು ವಿಧಿಸಿದಂತೆ, ಹಣಕಾಸಿನ ಕಷ್ಟದ ಕಾರಣಕ್ಕೆ ಸಾಲದ ಷರತ್ತು ಸಡಿಲಿಸಿದರೆ ಅಲ್ಲಿಯವರೆಗೆ ಸರಿಯಾಗಿದ್ದ ಖಾತೆಯೂ ಕೂಡಲೇ ಎನ್‌ಪಿಎ ಆಗುತ್ತದೆ. ಒಳ್ಳೆಯ ಮನೆಸಾಲಕ್ಕೆ ನಷ್ಟ ಎದುರಿಸಲೆಂದು ಶೇ 0.25 ತೆಗೆದಿಡುತ್ತಿದ್ದ ಬ್ಯಾಂಕು ಶೇ 15 ತೆಗೆದಿಡಬೇಕಾಗುತ್ತದೆ. ಶಾಖೆಯ ಲೆಕ್ಕಪತ್ರ ಕೆಡುತ್ತದೆ, ಪ್ರಶ್ನೆಗಳು ನಿಮ್ಮ ಕಡೆ ಬರುತ್ತವೆ. ಎಷ್ಟೋ ನಿರಾಕರಣೆಗಳ ಹಿಂದಿನ ನಿಜವಾದ ಕಾರಣ ಇದೇ ಎಂಬುದು ನನ್ನ ಎಣಿಕೆ. ಆದರೆ ಈ ವಾದ 90 ದಿನ ದಾಟಿದ ಖಾತೆಗೆ ಅನ್ವಯಿಸುವುದೇ ಇಲ್ಲ. ಅದು ಆಗಲೇ ಎನ್‌ಪಿಎ. ಅಲ್ಲಿ ಮರುಹೊಂದಾಣಿಕೆಯಿಂದ ಹೊಸದಾಗಿ ಕೆಡುವುದು ಏನೂ ಇಲ್ಲ, ಕಂತು ಮತ್ತೆ ಬರತೊಡಗಿದರೆ ಸುಧಾರಿಸುವುದು ಮಾತ್ರ ಇದೆ. 60 ದಿನದ ಬಾಕಿಯಿರುವ ಖಾತೆಯಲ್ಲೋ, ಇಂದು ತಪ್ಪಿಸಿದ ಕಳಂಕ ಇನ್ನೊಂದು ತಿಂಗಳಲ್ಲಿ ಹೇಗೂ ಬರುತ್ತದೆ, ಅಷ್ಟರಲ್ಲಿ ಬಾಕಿಯೂ ಬೆಳೆದಿರುತ್ತದೆ. ಕೋವಿಡ್ ಕಾಲದಲ್ಲಿ 2020ರ ಆಗಸ್ಟ್ ಮತ್ತು 2021ರ ಮೇ ತಿಂಗಳ ಚೌಕಟ್ಟುಗಳು ಮನೆಸಾಲಗಳಿಗೂ ಎರಡು ವರ್ಷದವರೆಗಿನ ಅವಕಾಶ ಕೊಟ್ಟು, ಈ ದರ್ಜೆ ಇಳಿಕೆಯಿಂದ ವಿನಾಯಿತಿ ನೀಡಿದ್ದವು. ಇಡೀ ದೇಶಕ್ಕೆ ಒಟ್ಟಿಗೆ ಬಂದ ಕಷ್ಟಕ್ಕೆ ನಿಯಮ ಬಾಗಿತು. ಒಂದೇ ಮನೆಗೆ ಬರುವ ಕಷ್ಟಕ್ಕೂ ನಿಯಮ ಸ್ವಲ್ಪ ಬಾಗಬೇಕೆಂದು ರಿಸರ್ವ್ ಬ್ಯಾಂಕಿಗೆ ಹೇಳಬೇಕಾದವರು, ದಿನವೂ ಆ ಕಷ್ಟ ನೋಡುವ ನೀವೇ.

ಒಬ್ಬರಿಗೆ ಸಡಿಲಿಸಿದರೆ ಕಟ್ಟುವ ಶಕ್ತಿ ಇರುವವರೂ ಕಟ್ಟುವುದನ್ನು ನಿಲ್ಲಿಸುತ್ತಾರೆ ಎಂಬ ಮಾತೂ ಇದೆ. ಬಡ್ಡಿಯಾಗಲಿ ಅಸಲಾಗಲಿ ಮನ್ನಾ ಆಗುವಲ್ಲಿ ಈ ಭಯಕ್ಕೆ ಅರ್ಥವಿದೆ. ಎಂಟು ವರ್ಷ ಹೆಚ್ಚು ಕಂತು ಕಟ್ಟುವ, ಸಿಬಿಲ್ ದಾಖಲೆಯಲ್ಲಿ ಮರುಹೊಂದಾಣಿಕೆಯ ಗುರುತು ಹೊರುವ ವ್ಯವಸ್ಥೆಗೆ ಯಾರೂ ಆಸೆಪಟ್ಟು ಬರುವುದಿಲ್ಲ. ಉದ್ದೇಶಪೂರ್ವಕ ಸುಸ್ತಿದಾರರನ್ನು ಬೇರ್ಪಡಿಸಲು ನಿಮ್ಮ ಬಳಿ ಬೇಕಾದಷ್ಟು ಸಾಧನಗಳಿವೆ: ಖಾತೆಯ ಹಿಂದಿನ ವರ್ಷಗಳ ಪಾವತಿ, ಸಂಬಳ ನಿಂತ ದಾಖಲೆ, ಆಸ್ಪತ್ರೆಯ ಬಿಲ್ಲು, ಅರ್ಧ ಕಂತನ್ನಾದರೂ ಕಟ್ಟಲು ಮಾಡಿದ ಪ್ರಯತ್ನ. ಆ ದಾಖಲೆಗಳನ್ನು ನೋಡಿ ಬೇಡವೆಂದರೆ ಅದು ನಿರ್ಧಾರ. ನೋಡದೆ ಬೇಡವೆಂದರೆ ಅದನ್ನು ನಿರ್ಧಾರ ಎನ್ನಲಾಗದು. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಿಕೊಳ್ಳಿ ಎಂಬ ಸಲಹೆ ಕಂತು ತಪ್ಪಿದವರಿಗೆ ಉಪಯೋಗಕ್ಕಿಲ್ಲ, ಪೂರ್ಣ ಅಧಿಕೃತವಲ್ಲದ ಬಿ ಖಾತಾ ಆಸ್ತಿಯವರಿಗಂತೂ ಇಲ್ಲವೇ ಇಲ್ಲ. ಒನ್ ಟೈಮ್ ಸೆಟ್ಲ್‌ಮೆಂಟನ್ನು ಸಾಲಗಾರರು ಹಕ್ಕಾಗಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ಬಿಜನೋರ್ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿರುವುದು ನಿಜ. ನಾನು ಕೇಳುತ್ತಿರುವುದೂ ಒಪ್ಪಿಗೆಯ ಹಕ್ಕನ್ನಲ್ಲ, ಉತ್ತರದ ಹಕ್ಕನ್ನು.

ಇದು ಆಚರಣೆಯಲ್ಲಿ ಸಾಧ್ಯವೇ ಎಂಬುದಕ್ಕೆ ಅಮೆರಿಕದ ಅನುಭವ ನೋಡಿ. 2008ರ ಆರ್ಥಿಕ ಕುಸಿತದ ಬಳಿಕ ಅಲ್ಲಿ ಲಕ್ಷಾಂತರ ಮನೆಗಳು ಜಪ್ತಿಗೆ ಬಂದವು. 2009ರಲ್ಲಿ 30ರಿಂದ 40 ಲಕ್ಷ ಕುಟುಂಬಗಳ ಕಂತು ಇಳಿಸುವ ಗುರಿಯಿಟ್ಟು ಸರ್ಕಾರ ಒಂದು ಯೋಜನೆ ತಂದಿತು, ಗುರಿ ಮುಟ್ಟಲಿಲ್ಲ. ಕಾಗದ ಕಳೆದುಹೋಗುವುದು, ಕೊಟ್ಟ ದಾಖಲೆಯನ್ನೇ ಮತ್ತೆ ಕೇಳುವುದು, ಒಂದು ವಿಭಾಗ ಅರ್ಜಿ ಪರಿಶೀಲಿಸುತ್ತಿರುವಾಗಲೇ ಇನ್ನೊಂದು ಮನೆ ಹರಾಜು ಹಾಕುವುದು ಅಲ್ಲಿ ದೊಡ್ಡ ಹಗರಣವಾಯಿತು. ಓದದೆ ಸಹಿ ಹಾಕಿದ ಜಪ್ತಿ ಪ್ರಮಾಣಪತ್ರಗಳು 2010ರಲ್ಲಿ ಬಯಲಾದವು. 2012ರಲ್ಲಿ ಐದು ದೊಡ್ಡ ಸಂಸ್ಥೆಗಳು 49 ರಾಜ್ಯಗಳ ಹಾಗೂ ಕೇಂದ್ರ ಸರ್ಕಾರದ ಜೊತೆ 2,500 ಕೋಟಿ ಡಾಲರಿನ ಒಪ್ಪಂದಕ್ಕೆ ಬರಬೇಕಾಯಿತು. 2014ರ ಜನವರಿಯಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಕಂತು ತಪ್ಪಿ 120 ದಿನ ದಾಟದೆ ಜಪ್ತಿ ಪ್ರಕ್ರಿಯೆ ಶುರುಮಾಡುವಂತಿಲ್ಲ. ಹರಾಜಿಗೆ 37 ದಿನಗಳಿಗಿಂತ ಮುಂಚೆ ಪೂರ್ಣ ಅರ್ಜಿ ಬಂದಿದ್ದರೆ 30 ದಿನದೊಳಗೆ ಪರಿಶೀಲಿಸಿ ಉತ್ತರಿಸಬೇಕು, ಅಲ್ಲಿಯವರೆಗೆ ಹರಾಜಿಗೆ ಮುಂದಾಗುವಂತಿಲ್ಲ. ನಿರಾಕರಿಸಿದರೆ ನಿರ್ದಿಷ್ಟ ಕಾರಣ ಹೇಳಬೇಕು. ಸಾಕಷ್ಟು ಮುಂಚೆ ಅರ್ಜಿ ಹಾಕಿದವರ ಮೇಲ್ಮನವಿಯನ್ನು ಮೊದಲು ನಿರ್ಧರಿಸಿದವರಲ್ಲದೆ ಬೇರೆ ಸಿಬ್ಬಂದಿ ನೋಡಬೇಕು. ಇದರಿಂದ ಅಲ್ಲಿ ಮನೆಸಾಲದ ವ್ಯವಹಾರ ನಿಂತುಹೋಗಲಿಲ್ಲ. ಅವರು ಹಗರಣವಾದ ಮೇಲೆ ಕಲಿತದ್ದನ್ನು ನಾವು ಹಗರಣಕ್ಕೆ ಮೊದಲೇ ಕಲಿಯಬಹುದು.

ನಮ್ಮ ನಾಡಿನ ಬ್ಯಾಂಕಿಂಗ್‌ಗೆ ಇದು ಪರಕೀಯ ಗುಣವೂ ಅಲ್ಲ. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಠೇವಣಿ, ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೇ ಬ್ಯಾಂಕನ್ನು ಕೊಂಡೊಯ್ದಿತು. ಜನರ ಆದಾಯ ಹೇಗೆ ಬರುತ್ತದೋ ಹಾಗೆ ತಾನು ಹೊಂದಿಕೊಳ್ಳಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಇಂದು ಸಾಲ ಮಂಜೂರಾಗುವುದೂ ಸುಸ್ತಿ ಖಾತೆಯ ತೀರ್ಮಾನವಾಗುವುದೂ ಬಹಳಷ್ಟು ಶಾಖೆಯ ಹೊರಗೆ. ಸಾಲಗಾರರ ಮುಖ ಕಂಡವರು ನಿರ್ಧರಿಸುವುದಿಲ್ಲ, ನಿರ್ಧರಿಸುವವರು ಮುಖ ಕಾಣುವುದಿಲ್ಲ. ಭಾಷೆಯ ಮಾತೂ ಇದೆ. 60 ದಿನದ ನೋಟಿಸು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ಸ್ವಾಧೀನದ ಪ್ರಕಟಣೆಯನ್ನು ಮಾತ್ರ ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಕೊಡಲೇಬೇಕು. ಊರಿಗೆಲ್ಲ ಕನ್ನಡದಲ್ಲಿ ತಿಳಿಯುವ ವಿಷಯ ಮನೆಯವರಿಗೆ ಮೊದಲೇ ಕನ್ನಡದಲ್ಲಿ ತಿಳಿದಿದ್ದರೆ ಅವರು ಎರಡು ತಿಂಗಳು ಮುಂಚೆ ನಿಮ್ಮ ಬಳಿ ಬಂದಿರುತ್ತಿದ್ದರು.

ಆದ್ದರಿಂದ ಮರುಹೊಂದಾಣಿಕೆಯ ಅರ್ಜಿ ಬಂದ ದಿನವೇ ಮೊಹರು ಹಾಕಿ ಸ್ವೀಕೃತಿ ಕೊಡಿ. ಸಕಾಲ ಯೋಜನೆಯಡಿ ಸರ್ಕಾರಿ ಕಚೇರಿಗಳು ಅರ್ಜಿಗೆ ಸಂಖ್ಯೆಯನ್ನೂ ಗಡುವನ್ನೂ ಕೊಡುತ್ತಿರುವಾಗ ಬ್ಯಾಂಕಿಗೆ ಅದು ಭಾರವಲ್ಲ. ಏನೇನು ದಾಖಲೆ ಬೇಕೆಂಬುದನ್ನು ಒಂದೇ ಸಲಕ್ಕೆ ಬರೆದು ತಿಳಿಸಿ. 30 ದಿನದೊಳಗೆ ಉತ್ತರಿಸಿ. ಬೇಡವೆಂದರೆ ಕನ್ನಡದಲ್ಲಿ ಹಿಂಬರಹ ಕೊಡಿ, ಅದರಲ್ಲಿ ಆದಾಯ ಎಷ್ಟೆಂದು ಹಿಡಿದಿರಿ, ಮನೆಯ ಬೆಲೆ ಎಷ್ಟೆಂದು ಹಿಡಿದಿರಿ, ಅವಧಿ ಹಿಗ್ಗಿಸಿದರೆ ಕಂತು ಎಷ್ಟಾಗುತ್ತಿತ್ತು, ಅದೇಕೆ ಸಾಲದು ಎಂಬುದು ಇರಲಿ. ಆ ನಿರಾಕರಣೆಯನ್ನು ಪ್ರಾದೇಶಿಕ ಕಚೇರಿಯಲ್ಲಿ ಅದೇ ಕಡತವನ್ನು ಹಿಂದೆ ನೋಡದ ಒಬ್ಬ ಅಧಿಕಾರಿ ಮತ್ತೊಮ್ಮೆ ನೋಡಲಿ. ಮನೆಯವರೇ ಮಾರಿ ಸಾಲ ತೀರಿಸುತ್ತೇವೆಂದರೆ, ಖರೀದಿದಾರರ ಮುಂಗಡದ ಪುರಾವೆ ಪಡೆದು ಮೂರು ತಿಂಗಳು ಕೊಡಿ. ಇವುಗಳಲ್ಲಿ ಯಾವುದಕ್ಕೂ ಕಾಯ್ದೆ ಬದಲಾಗಬೇಕಿಲ್ಲ, ನಿಮ್ಮ ಸಂಸ್ಥೆಯ ಒಂದು ಸುತ್ತೋಲೆ ಸಾಕು. ಸುತ್ತೋಲೆ ಬರುವವರೆಗೂ ಒಬ್ಬೊಬ್ಬ ಅಧಿಕಾರಿ ತನ್ನ ಮಟ್ಟದಲ್ಲಿ ಮಾಡಬಹುದಾದ ಕೆಲಸಗಳೇ ಇವುಗಳಲ್ಲಿ ಹೆಚ್ಚು. ಈ ವಾರ ಇ-ಹರಾಜಿನ ಪ್ರಕಟಣೆಗೆ ಸಿದ್ಧವಾಗಿರುವ ಕಡತಗಳನ್ನು ದಯವಿಟ್ಟು ಒಮ್ಮೆ ತೆರೆದು, ಉತ್ತರ ಹೋಗದ ಅರ್ಜಿ ಇದೆಯೇ ನೋಡಿ. ಇದ್ದರೆ, ಪ್ರಕಟಣೆಯನ್ನು ತಡೆದು ಮೊದಲು ಅದಕ್ಕೆ ಉತ್ತರ ಕಳುಹಿಸಿ.



ಇಂತಿ ತಮ್ಮ ವಿಶ್ವಾಸಿ,
ಮನೆಸಾಲದ ಕುಟುಂಬಗಳ ಹಿತ ಬಯಸುವ ಒಬ್ಬ ಲೇಖಕ